ಅಪ್ಪನ ಪರವಾಗಿ

"ನಾ ಕಾರಿನಾಗ ಕುಂತಿರ್ತೀನಿ. ನೀ ಮುಗಿಸ್ಕೊಂಡು ಬಾ," ಎಂದರು ಡಾಕ್ಟರ್ ಸಿದ್ಧಾರೂಢ, ಕಾರು ವೇಕೋ ಪಟ್ಟಣ ದಾಟುವಾಗ.

ಸೌತ್‌ಲೇಕ್‌ನ ಮನೆಯಿಂದ ಮಗಳನ್ನು ಆಸ್ಟಿನ್‌ಗೆ ಕರೆದೊಯ್ಯುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಅವಳ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಅಪ್ಪನೂ ಒಳಗೆ ಬರಲಿ ಎಂದು ನಿವೇದಿತಾಗೆ ಬಹಳ ಆಸೆ. ಆದರೆ ಅವಳು ಹ್ಯೂಸ್ಟನ್ನಿನಲ್ಲಿ ಮೆಡಿಕಲ್ ಓದನ್ನು ಅರ್ಧಕ್ಕೆ ಬಿಟ್ಟು ತತ್ವಶಾಸ್ತ್ರಕ್ಕೆ ಸೇರಿ ಏಳು ವರ್ಷವಾಗಿತ್ತು, ಅವರು ಒಂದು ದಿನವೂ ಆ ವಿಷಯ ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ. ಹಠದಲ್ಲಿ ಅಪ್ಪನ ಮಗಳೇ.

"ಯಾರ ಮ್ಯಾಲ ಬರ್ದೀಯವ್ವಾ?" ದಾರಿ ಸಾಗಲಿ ಎಂದು ಕೇಳಿದರು.

ನೂರು ವರ್ಷದ ಹಿಂದಿನ ಒಬ್ಬ ಅಮೆರಿಕನ್ ಪ್ರೊಫೆಸರ್ ಮೇಲೆ ಎಂದು ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು. ಆತ ಆದರ್ಶವಾದಿ, ಜಗತ್ತಿನ ಮೂಲ ಮನಸ್ಸು ಎಂದು ನಂಬಿದವನು. ಹಳೆಯ ತತ್ವಜ್ಞಾನಿಗಳ ತಪ್ಪುಗಳನ್ನು ಪಟ್ಟಿ ಮಾಡುವುದು ಅವನಿಗೆ ಬೇಕಿರಲಿಲ್ಲ. ಅದೆಲ್ಲ ಇನ್ನೂ ಮುಗಿಯದ ಒಂದು ಮಾತುಕತೆ, ಸತ್ತವರಿಗೂ ಅದರಲ್ಲಿ ಪಾಲಿದೆ ಎನ್ನುತ್ತಿದ್ದ. ತನಗೆ ಒಪ್ಪಿಗೆಯಿಲ್ಲದವರ ಪಾಠ ಮಾಡುವಾಗ 'ನಾನು' ಎಂದೇ ಶುರುಮಾಡಿ, ಅವರಾಗಿಯೇ ವಾದಿಸುತ್ತಿದ್ದ. ಅವರೇ ಎದುರು ಕೂತು ಕೇಳಿದ್ದರೂ 'ಹೌದು, ಇದು ನನ್ನದೇ ವಾದ' ಎನ್ನುವಂತಿರಬೇಕು, ಖಂಡನೆ ಏನಿದ್ದರೂ ಆಮೇಲೆ.

"ಸತ್ತಾವರಿಗೆ ಇಷ್ಟು ಮರ್ಯಾದಿ!" ಸಿದ್ಧಾರೂಢ ನಕ್ಕರು. "ನಾ ಇನ್ನೂ ಅದೀನಿ. ನನ್ನ ವಾದ ಹೇಳು ನೋಡೂಣು."

ಚೇಷ್ಟೆಗೆ ಹೇಳಿದ ಮಾತು. ನಿವೇದಿತಾ ನಗಲಿಲ್ಲ. ಅಪ್ಪನಾಗಿ ಮಾತಾಡಬೇಕೆಂದರೆ ಇಂಗ್ಲಿಷ್ ಕೆಲಸಕ್ಕೆ ಬರುವಂತಿರಲಿಲ್ಲ.

"ನಾನು ಸಿದ್ಧಾರೂಢ," ಎಂದಳು, ತಡವರಿಸುತ್ತ. "ಮೂವತ್ತು ವರ್ಷ ಮಂದಿ ಎದಿಬ್ಯಾನಿ ನೋಡೀನಿ. ಮಗಳು ಡಾಕ್ಟರ್ ಆಗ್ಲಿ ಅಂದದ್ದು ನಾಕು ಮಂದಿ ಮುಂದ ಹೇಳ್ಕೊಳ್ಳಾಕಲ್ಲ. ನನಗ ನನ್ನ ಕೆಲಸ ಅಂದ್ರ ಜೀವ. ಅದನ್ನ ಕೊಡಾಕ ನನಗಿದ್ದಾಕಿ ಒಬ್ಬಾಕಿ. ಆಕಿ ಅದು ಬ್ಯಾಡ ಅಂದಾಗ..." ಅವಳು ಅಪ್ಪನ ಕಡೆ ತಿರುಗಿದಳು. "ನಾನೇ ಬ್ಯಾಡ ಅಂದಂಗಾತು."

ಸಿದ್ಧಾರೂಢರಿಗೆ ರಸ್ತೆ ಮಂಜಾಯಿತು. ಹೆದ್ದಾರಿಯ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕ್ ಪಕ್ಕದಲ್ಲಿ ಕಾರು ನಿಲ್ಲಿಸಿದರು.

"ಖರೇ ಐತಿ. ನಾನೂ ಇಷ್ಟು ನೆಟ್ಟಗ ಹೇಳ್ತಿದ್ದಿಲ್ಲ," ಎಂದು ಕನ್ನಡಕ ಒರೆಸಿಕೊಂಡರು. "ಈಗ ನನ್ನ ಪಾಳಿ. ನಾನು ನಿವೇದಿತಾ. ನಾ ಮೆಡಿಕಲ್ ಬಿಟ್ಟದ್ದು ಯಾಕಂದ್ರ..."

ಮಾತು ಮುಂದೆ ಸಾಗಲಿಲ್ಲ. ಮಗಳು ತಮ್ಮ ಪರವಾಗಿ ಇಷ್ಟು ಹೇಳಿದಳು. ಅವಳ ಪರವಾಗಿ ಹೇಳಲು ತಮಗೆ ಒಂದು ವಾಕ್ಯವೂ ಗೊತ್ತಿಲ್ಲ. ಅರವತ್ತೆಂಟನೇ ವಯಸ್ಸಿನಲ್ಲಿ ಅವರಿಗೆ ನಾಚಿಕೆಯಾಯಿತು.

"ನಾ ಕೇಳೇ ಇಲ್ಲಲ್ಲವ್ವಾ," ಎಂದರು.

ಆಸ್ಟಿನ್ ತಲುಪಿದಾಗ ಎರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪರೀಕ್ಷಕರೂ ಬಂದಿರದ ಕೋಣೆಯ ಮೊದಲ ಸಾಲಿನಲ್ಲಿ ಕೂತ ಸಿದ್ಧಾರೂಢ, ಹೊಸ ರೋಗಿಯ ಮಾತು ಕೇಳಿ ಬರೆದುಕೊಳ್ಳಲು ಕೂರುವಾಗ ಮಾಡುತ್ತಿದ್ದಂತೆ ಹಾಳೆಯೊಂದನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಮೇಲೆ ಮಗಳ ಹೆಸರು ಬರೆದು, ಪೆನ್ನು ಹಿಡಿದೇ ತಲೆಯೆತ್ತಿ ಅವಳನ್ನು ನೋಡಿದರು.