ಬಿಚ್ಚಬೇಕಿದ್ದ ಹೊಲಿಗೆ

1
ಎಲ್ಲಿಂದ ಶುರು ಮಾಡಲಿ? ನರಿಯಿಂದ ಶುರು ಮಾಡಿದರೆ ನೀತಿಕಥೆ ಅಂದುಕೊಳ್ಳುತ್ತೀರಿ. ಉಪಗ್ರಹದಿಂದ ಅಂದರೆ ನನಗೆ ಅದರ ತಲೆಬುಡ ತಿಳಿಯದು. ಹೋಗಲಿ, ಹೊಲಿಗೆ ಯಂತ್ರದಿಂದ.

2
ಒಂದೇ ಕೋಣೆ, ಎರಡು ಮೇಜು. ಒಂದರ ಮೇಲೆ ದರ್ಜಿ ಅಮ್ಮನ ಹೊಲಿಗೆ ಯಂತ್ರ. ಇನ್ನೊಂದರ ಮೇಲೆ ಎಂಜಿನಿಯರ್ ಮಗಳ ವೈರು, ಚಿಪ್, ಹಳೇ ಫೋನುಗಳಿಂದ ಕಿತ್ತ ಬ್ಯಾಟರಿ. ಕಾಡುಪ್ರಾಣಿಗಳು ಎಲ್ಲೆಲ್ಲಿ ಓಡಾಡುತ್ತವೆಂದು ಉಪಗ್ರಹದ ಮೂಲಕ ತಿಳಿಯಲು ಅವುಗಳ ಕೊರಳಿಗೆ ಕಟ್ಟುವ ಕಾಲರನ್ನು ಅವಳು ಅಗ್ಗದಲ್ಲಿ ಮಾಡುತ್ತಾಳೆ. ದುಬಾರಿ ಕಾಲರಿನಲ್ಲಿ, ಕೆಲಸ ಮುಗಿದ ಮೇಲೆ ತಾನಾಗಿ ಕಳಚಿಕೊಳ್ಳುವ ಯಂತ್ರವಿರುತ್ತದೆ. ಇವಳದರಲ್ಲಿ ಬರೀ ಹತ್ತಿನೂಲಿನ ಹೊಲಿಗೆ. ಮಳೆಗೆ, ಬಿಸಿಲಿಗೆ ನೂಲು ಸವೆದು ಹರಿಯುತ್ತದೆ, ಪಟ್ಟಿ ಬೀಳುತ್ತದೆ, ಪ್ರಾಣಿ ತನ್ನ ಪಾಡಿಗೆ ತಾನು ಹೋಗುತ್ತದೆ.

(ಪಾಠ ಮಾಡಿದ ಹಾಗಾಯಿತು. ಸಹಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.)

3
ಮೊದಲ ಡ್ರಾಫ್ಟಿನಲ್ಲಿ ಇದನ್ನು ನರಿಯ ಬಾಯಲ್ಲಿ ಹೇಳಿಸಿದ್ದೆ. ನನಗಿಂತ ಚೆನ್ನಾಗಿ ಹೇಳಿತು. ಹರಿದುಹಾಕಿದೆ.

4
ಕಾಲರ್ ಕಾಡಿಗೆ ಹೋಗುವ ಮುನ್ನ ಅಮ್ಮ ಆ ಹೊಲಿಗೆ ನೋಡಿದಳು. ಎಳೆದರೆ ಕಿತ್ತು ಬರುವಂತಿತ್ತು. ಮಗಳ ಮಾನ ಹೋದೀತೆಂದು, ಸದ್ದಿಲ್ಲದೆ ಬಿಚ್ಚಿ, ಬ್ಯಾಗಿಗೆ ಹಾಕುವ ನೈಲಾನ್ ದಾರದಲ್ಲಿ ಗಟ್ಟಿಯಾಗಿ ಹೊಲಿದಿಟ್ಟಳು. ಎಳೆಯ ನರಿಯೊಂದು ಅದನ್ನು ತೊಟ್ಟು ಕಾಡು ಸೇರಿದ ಮೇಲೆ ಜಂಬದಿಂದ ಹೇಳಿಕೊಂಡಳು. ಮಗಳ ಜೀವ ಬಾಯಿಗೆ ಬಂತು. ನರಿಯ ಕೊರಳು ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ.

"ಬಿಚ್ಚಿಕೊಳ್ಳಲಿ ಅಂತ ಯಾರಾದ್ರೂ ಹೊಲೀತಾರೇನೇ?" ಎಂದಳು ಅಮ್ಮ. ಆಮೇಲೆ ಆ ದಿನವೆಲ್ಲ ಅವಳ ಯಂತ್ರ ಸದ್ದು ಮಾಡಲಿಲ್ಲ.

5
ಮಗಳು ನನ್ನನ್ನು ಹಿಡಿದುಕೊಂಡಳು. "ಬರೆಯೋರು ನೀವೇ ತಾನೆ? ನೈಲಾನ್ ಹೊಡೆದುಹಾಕಿ ಹತ್ತಿ ಅಂತ ಬರೀರಿ."

ಬರೆದೆ. ಅಮ್ಮ ಒಪ್ಪಲಿಲ್ಲ. ತಾನು ಹೊಲಿದದ್ದು ಇವತ್ತಿನವರೆಗೆ ಬಿಚ್ಚಿ ವಾಪಸು ಬಂದಿಲ್ಲ, ಈ ವಯಸ್ಸಿನಲ್ಲಿ ಹೆಸರು ಕೆಡಿಸಬೇಡ ಎಂದಳು. ಆ ಡ್ರಾಫ್ಟೂ ಹೋಯಿತು.

6
ಅಂತ್ಯ ಒಂದು: ನರಿ ಮತ್ತೆ ಬೋನಿಗೆ ಬೀಳುತ್ತದೆ, ಪಟ್ಟಿ ಕತ್ತರಿಸಿ ಬಿಟ್ಟುಬಿಡುತ್ತಾರೆ. (ಬೋನು ಇಟ್ಟದ್ದೂ ಆಯಿತು. ನರಿ ಅದರ ಸುತ್ತ ಒಂದು ಸುತ್ತು ಹಾಕಿ ಹೋಯಿತು. ಪಾಪ, ಕಾಲರ್ ಅದನ್ನೂ ಚಾಚೂತಪ್ಪದೆ ತಿಳಿಸಿತು.)

ಅಂತ್ಯ ಎರಡು: ನರಿಯೇ ಅಮ್ಮನ ಬಾಗಿಲಿಗೆ ಬಂದು ಕೊರಳೊಡ್ಡುತ್ತದೆ. (ಓದಿ ಮಗಳು ನಕ್ಕಳು. ಆಮೇಲೆ ಅತ್ತಳು.)

7
ಮಗಳ ಕಂಪ್ಯೂಟರ್ ಪರದೆಯ ಮೇಲೆ ಹೊಳೆಯ ಆಚೆ ಈಚೆ ಓಡಾಡುತ್ತಿದ್ದ ನರಿಯ ಚುಕ್ಕೆ ನಿನ್ನೆಯಿಂದ ಒಂದೇ ಕಡೆ ನಿಂತಿದೆ. ಪಟ್ಟಿ ಬಿದ್ದಿರಬೇಕು, ಇಲ್ಲವೇ ನರಿ ಬಿದ್ದಿರಬೇಕು. ಅಗ್ಗದ ಕಾಲರ್ ಎಲ್ಲಿದ್ದೇನೆ ಎಂದಷ್ಟೇ ಹೇಳುತ್ತದೆ. ಹೇಗಿದ್ದೀಯ ಎಂದರೆ ಬಾಯಿ ಬಿಡುವುದಿಲ್ಲ.

ಮಗಳು ಶೂ ಕಟ್ಟಿಕೊಂಡಳು. ಅಮ್ಮನೂ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ನನ್ನ ಹೊಲಿಗೆ ಬಿಚ್ಕೊಂಡಿತು ಅಂತ ಬರ್ಕೊಳಪ್ಪ. ಪರವಾಗಿಲ್ಲ."

ಬರೆಯಲು ಕೈ ಎತ್ತಿದೆ. ನಾನು ತೊಟ್ಟ ಅಂಗಿಯೂ ಅವಳೇ ಹೊಲಿದದ್ದು. ತೋಳಿನ ಹೊಲಿಗೆಯನ್ನು ಬಲವಾಗಿ ಎಳೆದು ನೋಡಿದೆ. ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.

ಅವರಿಬ್ಬರೂ ಇನ್ನೂ ದಾರಿಯಲ್ಲಿದ್ದಾರೆ. ನಾನಂತೂ ಅವರನ್ನು ಆ ಚುಕ್ಕೆಯವರೆಗೆ ತಲುಪಿಸುವುದಿಲ್ಲ.