ಬೆಲೆ ಇಳಿಸಿದ ಮಹಾಶಯ

ಹನ್ನೊಂದು ವರ್ಷ ಗೋಡೆಗೊಂದು ಮೊಳೆ ಹೊಡೆಯದ ಮನುಷ್ಯ, ಮನೆಗೆ ಬೆಲೆ ಕಟ್ಟಲು ಎಂಜಿನಿಯರ್ ಬರುತ್ತಾರೆಂದು ತಿಳಿದದ್ದೇ ತಡ, ಸುತ್ತಿಗೆ ಹಿಡಿದು ನಿಂತ. ಅಡುಗೆಮನೆಯ ಕಪಾಟುಗಳ ಬಾಗಿಲು ಕಿತ್ತ. ಬಚ್ಚಲಿನ ನಲ್ಲಿ ಬಿಚ್ಚಿದ. ಹಜಾರದ ಗೋಡೆಗೆ ನೀರೆರಚಿ, ಬಣ್ಣ ಕೆರೆದು, ಮಾಳಿಗೆ ಸೋರಿದಂತೆ ಕಲೆಯನ್ನೂ ಎಬ್ಬಿಸಿದ. ಇಷ್ಟು ಮೈಬಗ್ಗಿಸಿ ಸಂಸಾರ ಮಾಡಿದ್ದರೆ ವಿಚ್ಛೇದನದ ಮಾತೇ ಬರುತ್ತಿರಲಿಲ್ಲವಲ್ಲ ಎಂದುಕೊಂಡು, ಅವನ ಹೆಂಡತಿ ದರ್ಜಿಯಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

ವಕೀಲರ ಮುಂದೆ ಇಬ್ಬರೂ ಸಹಿ ಹಾಕಿದ ಕರಾರು ಸರಳವಾಗಿತ್ತು. ಎಂಜಿನಿಯರ್ ಕಟ್ಟಿದ ಬೆಲೆಯ ಅರ್ಧವನ್ನು ಇನ್ನೊಬ್ಬರಿಗೆ ಯಾರು ಮೊದಲು ಕೊಡುತ್ತಾರೋ ಮನೆ ಅವರದು. ಕೊಡುವವನು ತಾನೇ ಎಂಬುದರಲ್ಲಿ ಗಂಡನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಂಗಿ ಹೊಲಿಯುವವಳಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಆ ಧೈರ್ಯದಲ್ಲಿ ಅವನಿನ್ನೂ ತನ್ನ ಹಣ ಹೊಂದಿಸಿಯೇ ಇರಲಿಲ್ಲ.

ಬ್ಯಾಂಕು ಒಪ್ಪಿತ್ತು. ಮೂವತ್ತು ಲಕ್ಷ, ಅದರ ಮೇಲೆ ಬಿಡಿಗಾಸೂ ಇಲ್ಲ. ಬೆಲೆ ಅರವತ್ತು ದಾಟಿದರೆ ಬೀದಿಗೆ ಮುಖ ಮಾಡಿದ ಈ ಹೊಲಿಗೆ ಕೋಣೆ, ಇಲ್ಲಿಗೇ ಹುಡುಕಿಕೊಂಡು ಬರುವ ಗಿರಾಕಿಗಳು, ಎಲ್ಲಕ್ಕೂ ಕೈಮುಗಿಯಬೇಕಿತ್ತು.

ಎಂಜಿನಿಯರ್ ಬಂದರು. ಗಂಡ ತನ್ನ ಅಕ್ಕನನ್ನೂ, ಒಳಗುಟ್ಟು ತಿಳಿಸದೆಯೇ, ಬಲಕ್ಕೆಂದು ಕರೆತಂದಿದ್ದ.

"ಮನೆಯೋ ಕೊಟ್ಟಿಗೆಯೋ ನೀವೇ ಹೇಳಿ ಸಾರ್," ಎಂದು ಶುರುಮಾಡಿದ.

ಅಕ್ಕನಿಗೆ ರೇಗಿತು. "ಏನೋ ಹಾಗಂತೀಯಾ? ಬಾಗಿಲು ಅಪ್ಪಟ ತೇಗ ಸಾರ್! ತಂದು ಇಳಿಸಿದಾಗ ಬೀದಿಗೆ ಬೀದಿಯೇ ನಿಂತು ನೋಡ್ತು."

ಬೆಲೆ ಅರವತ್ತು ದಾಟೀತೇ ಎಂದು ದರ್ಜಿಯಮ್ಮ ಎಂಜಿನಿಯರರ ಪೆನ್ನನ್ನೇ ನೋಡಿದಳು.

"ಅಕ್ಕಾ, ಸ್ವಲ್ಪ ಬಾಯಿ ಮುಚ್ಚೇ! ಗೆದ್ದಲು ಹಿಡಿದಿದೆ ಸಾರ್."

"ಗೆದ್ದಲು ಹಿಡಿದಿರೋದು ನಿನ್ನ ತಲೆಗೆ!"

ಎಂಜಿನಿಯರ್ ಬಾಗಿಲು ತಟ್ಟಿ ನೋಡಿ, 'ತೇಗ' ಎಂದು ಬರೆದುಕೊಂಡರು. ಅಕ್ಕ ಅಡುಗೆಮನೆಯ ಕಲ್ಲುಹಾಸನ್ನು ಹೊಗಳಲು ಹೊರಟಾಗ ತಮ್ಮ ಅವಳ ರಟ್ಟೆ ಹಿಡಿದು ಜಗಲಿಗೆ ಸಾಗಿಸಿದ.

"ನೀವೇನೂ ಹೇಳೋದಿಲ್ವೇನಮ್ಮ?" ಎಂದರು ಎಂಜಿನಿಯರ್.

ಸುಳ್ಳು ಹೇಳಿ ಗಳಿಸುವ ಮನೆ ಅವಳಿಗೆ ಬೇಡವಾಗಿತ್ತು. ಹೇಳಿಯೇಬಿಟ್ಟಳು. "ಕಿತ್ತಿದ್ದು, ಕೆರೆದಿದ್ದು ಎಲ್ಲ ಇವರೇ ಸಾರ್. ನಿನ್ನೆ."

"ಅಪವಾದ ಸಾರ್!" ಗಂಡ ಓಡಿಬಂದ. "ಕಟ್ಟಿದಾಗಿಂದ ಹೀಗೇ ಇದೆ. ಬೇಕಾದ್ರೆ ಬರೆದು ಕೊಡ್ತೀನಿ."

ಬರೆದೂ ಕೊಟ್ಟ. ಅದನ್ನು ಫೈಲಿಗೆ ಸೇರಿಸಿ, ಲೆಕ್ಕ ಹಾಕಿ, ಎಂಜಿನಿಯರ್ ಸಹಿ ಮಾಡಿದರು. "ಐವತ್ತೆಂಟು ಲಕ್ಷ."

ಗಂಡನ ಮುಖ ಅರಳಿತು. "ಬೇಜಾರು ಮಾಡ್ಕೋಬೇಡ. ಇಪ್ಪತ್ತೊಂಬತ್ತು ಬರುತ್ತಲ್ಲ, ಎಲ್ಲಾದ್ರೂ ಒಂದು ಕೋಣೆ ಹಿಡಿ."

"ನಿಮಗೂ ಅಷ್ಟೇ ಬರುತ್ತೆ. ಕೋಣೆ ನೀವು ಹಿಡೀರಿ," ಎಂದು ಅವಳು, ಹಣ ಇವತ್ತೇ ಸಿದ್ಧ ಎಂಬ ಬ್ಯಾಂಕಿನ ಪತ್ರವನ್ನು ಅವನ ಮುಂದಿಟ್ಟಳು.

ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಶುರುವಾಯಿತು ನೋಡಿ ಮನೆಯ ಸ್ತೋತ್ರ! "ಸಾರ್, ಆ ಕಲೆ ಒರೆಸಿದ್ರೆ ಹೋಗುತ್ತೆ! ಗೋಡೆ ಕಬ್ಬಿಣ ಇದ್ದಂಗಿದೆ! ನಲ್ಲಿ ನನ್ನ ಕಾರಲ್ಲೇ ಇದೆ ಸಾರ್!"

"ನೀವೇ ಬರೆದು ಕೊಟ್ಟಿದ್ದೀರಲ್ಲ," ಎಂದು ಎಂಜಿನಿಯರ್ ಫೈಲು ಕಟ್ಟಿದರು.

"ಹೇಳಲಿ ಬಿಡಿ ಸಾರ್," ಎಂದಳು ದರ್ಜಿಯಮ್ಮ. "ಇವರ ಬಾಯಲ್ಲಿ ಈ ಮನೆಗೊಂದು ಒಳ್ಳೆ ಮಾತು ಬಂದಿದ್ದು ಇವತ್ತೇ."

ದಿಕ್ಕು ತೋಚದೆ ಗಂಡ ಅಕ್ಕನ ಕಡೆ ತಿರುಗಿದ. ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ನನ್ನ ಮುಖ ಏನು ನೋಡ್ತೀಯಾ? ನಮ್ಮನೇಲಿ ಜಾಗ ಇಲ್ಲ, ಈಗಲೇ ಹೇಳಿದ್ದೀನಿ."