ಕೀ ಕೊಡಿ ಭಾಬಿ

ವೈಪರ್ ಒಮ್ಮೆ ಒರೆಸುವಷ್ಟರಲ್ಲಿ ಗಾಜು ಮತ್ತೆ ತುಂಬಿಹೋಗುತ್ತದೆ, ಒರೆಸು, ತುಂಬು, ಒರೆಸು, ಈ ಆಗುಂಬೆ ಘಾಟಿಗೆ ಬೇರೆ ಕೆಲಸವೇ ಇಲ್ಲವೇನೋ, ಗೇರ್ ಇಳಿಸು ಬುಷ್ರಾ, ಎಂಜಿನ್ ಏದುಸಿರು ಬಿಡ್ತಿರೋದು ಕೇಳಿಸ್ತಿಲ್ವಾ — ಹೀಗೆ ಹೇಳುತ್ತಿದ್ದವನು ಸನಾವುಲ್ಲಾ, ನನ್ನ ಗಂಡ, ಈಗ ನನಗೆ ನಾನೇ ಹೇಳಿಕೊಳ್ಳಬೇಕು, ಪಕ್ಕದ ಸೀಟಿನಲ್ಲಿ ಅವನ ಅಮ್ಮ ನೂರ್ಜಹಾನ್ ತಸ್ಬಿಯ ಮಣಿ ತಿರುಗಿಸುತ್ತಿದ್ದಾರೆ, ಅವರ ಬುರ್ಖಾದ ಅಂಚಿನಲ್ಲಿ ಮಲ್ಪೆಯ ಮರಳು ಇನ್ನೂ ಒದ್ದೆ, ಬೆಳಿಗ್ಗೆ ಮೊಣಕಾಲು ಮುಳುಗುವವರೆಗೆ ಸಮುದ್ರಕ್ಕೆ ಇಳಿದುಬಿಟ್ಟರಲ್ಲ, ಬನ್ನಿ ಅಮ್ಮಿ ಸಾಕು ಅಂದರೆ, ಇರು ಬೇಟಿ, ನನ್ ಮಗನ ಪಾಲಿಂದೂ ನಾನೇ ನೋಡ್ಬೇಕಲ್ಲ, ನಾನು ಅಳಲಿಲ್ಲ, ಅಳುವುದನ್ನೆಲ್ಲ ಇದ್ದತ್‌ನಲ್ಲೇ ಅತ್ತು ಮುಗಿಸಿದ್ದೆ, ಗಂಡ ಸತ್ತವಳು ಹೊಸ್ತಿಲು ದಾಟದೆ ಕೂರುವ ಆ ತಿಂಗಳುಗಳು, ಶಿವಾಜಿನಗರದ ಆ ಒಳಕೋಣೆ, ಕಿಟಕಿಯಾಚೆ ರಸೆಲ್ ಮಾರ್ಕೆಟ್ಟಿನ ಗದ್ದಲ, ಕೂತೆ, ಯಾರ ಬಲವಂತಕ್ಕೂ ಅಲ್ಲ, ಅವನಿಗಾಗಿ ಕೂತೆ, ಮುಗಿದ ದಿನ ತವರಿನಿಂದ ಸೀರೆ ಬಂತು, ಹಿರಿಯರು ಕರೆದುಕೊಂಡು ಹೋಗಿ ಯಾರಾದರೂ ನೆಂಟರ ಮನೆ ಮುಟ್ಟಿಸಿ ತರುವುದು ನಮ್ಮ ಮನೆಯ ರೂಢಿ, ಮೈದುನ ಮುನಾವರ್ ಬಾಗಿಲಲ್ಲಿ ಅಂಗೈ ಚಾಚಿ ನಿಂತಿದ್ದ, ಕೀ ಕೊಡಿ ಭಾಬಿ, ರಿಚರ್ಡ್ಸ್ ಟೌನ್ ಫೂಫಿ ಮನೆಗೆ ನಾನೇ ಬಿಡ್ತೀನಿ, ಇನ್ಮೇಲೆ ಗಾಡಿ ನನ್ ಹತ್ರಾನೇ ಇರ್ಲಿ, ನಿಮಗ್ಯಾಕೆ ಇನ್ನು.

ನಿಮಗ್ಯಾಕೆ ಇನ್ನು! ನಿನ್ನ ಅಣ್ಣನನ್ನು ಮಹದೇವಪುರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ದವಳು ಯಾರು, ರಿಂಗ್ ರೋಡೇ ಕೆರೆಯಾದ ದಿನ ಗಾಡಿ ಆಫ್ ಆಗದಂತೆ ದಾಟಿಸಿದವಳು ಯಾರು, ನೀನಾ, ನಿನಗೆ ಆಗ ಅಂಗಡಿ ಇತ್ತು, ಆಗ ಬೀದಿಯವರೆಲ್ಲ ಮಾಷಾ ಅಲ್ಲಾ, ಎಂಥಾ ಸೇವೆ ಮಾಡ್ತಾಳೆ ಅನ್ನುತ್ತಿದ್ದರು, ಅದೇ ಸ್ಟೀರಿಂಗ್, ಅದೇ ನನ್ನ ಕೈ, ಅವನು ಮಣ್ಣಿಗೆ ಹೋದ ಕೂಡಲೇ ಸೇವೆ ಹೋಗಿ ಬೇಶರಮಿ, ನಾಚಿಕೆಗೇಡು ಆಯಿತಾ, ಹಾರ್ನ್ ಹೊಡೆ, ತಿರುವು ಬಂತು, ಹಾರ್ನ್, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ತಳ್ಳುಗಾಡಿಗಳ ನಡುವೆ ರಿವರ್ಸ್ ತೆಗೆದವಳಿಗೆ ಇದೇನು ಮಹಾ, ಡಾಕ್ಟರು ಅವನಿಗೆ ನೀರನ್ನೂ ಅಳೆದು ಕೊಡಿ ಅಂದಿದ್ದರು, ದಿನದ ಪಾಲು ಮಧ್ಯಾಹ್ನಕ್ಕೇ ಮುಗಿದು ಅಂಗೈ ಚಾಚುತ್ತಿದ್ದ, ಒಂದೇ ಗುಟುಕು ಬುಷ್ರಾ, ನಾನು ಲೋಟ ಹಿಂದೆ ಬಚ್ಚಿಡುತ್ತಿದ್ದೆ, ಆ ಅಂಗೈ, ಸೊಟ್ಟ ಕಿರುಬೆರಳಿನ ಆ ಅಂಗೈ, ಕೊನೆಗೆ ನಕ್ಕುಬಿಡುತ್ತಿದ್ದ, ಹುಷಾರಾದ್ಮೇಲೆ ಸಮುದ್ರಕ್ಕೆ ಹೋಗೋಣ, ಕುಡಿಯಲ್ಲ ಮಾರಾಯ್ತಿ, ಬರೀ ನೋಡ್ತೀನಿ, ಅಲ್ಲಿಂದ ಮಳೆಕಾಡಿಗೆ, ಆಸ್ಪತ್ರೆಯ ಕ್ಯಾಲೆಂಡರಿನಲ್ಲಿ ಮಂಜು ಮುಚ್ಚಿದ ಲಾಡ್ಜ್ ಇತ್ತಲ್ಲ, ಅದಕ್ಕೆ, ನೀನೇ ಓಡಿಸ್ಬೇಕು, ನಾನು ಕಾಲು ಚಾಚಿ ಕೂರ್ತೀನಿ. ಅದಕ್ಕೇ ಮುನಾವರನಿಗೆ ಕೀ ಕೊಡಲಿಲ್ಲ, ಫೂಫಿ ಮನೆಗಲ್ಲ, ಸಮುದ್ರಕ್ಕೆ ಹೋಗ್ತೀನಿ ಅಂದೆ, ಅಮ್ಮಿ ಎದ್ದು ಚಪ್ಪಲಿ ಮೆಟ್ಟಿದರು, ಆದರೆ ಅಮ್ಮಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ನಿನ್ನೆ ಸಂಜೆ ದಡದಿಂದಲೇ ಮುನಾವರನಿಗೆ ವಿಡಿಯೋ ಕಾಲ್ ಮಾಡಿ ತೆರೆ ತೋರಿಸಿ ಲಾಡ್ಜಿನ ಹೆಸರನ್ನೂ ಹೇಳಿಬಿಟ್ಟರು, ಬೆಳಿಗ್ಗೆ ಅವನ ಮೆಸೇಜು, ಬಸ್ಸಲ್ಲಿ ಬಂದಿದ್ದೀನಿ, ಲಾಡ್ಜ್ ಗೇಟಲ್ಲಿ ಇರ್ತೀನಿ, ಕೀ ಕೊಟ್ಬಿಡಿ, ವಾಪಸ್ ನಾನೇ ಓಡಿಸ್ತೀನಿ, ನೀವು ಡ್ರೈವರ್ ಸೀಟಿಂದ ಇಳಿಯೋದನ್ನ ಬೀದಿಯವರು ನೋಡೋದು ಬೇಡ — ಇಲ್ಲೇ ತಿರುಗಿಸಿ ಸಮುದ್ರಕ್ಕೇ ಹೋಗಿಬಿಡಲಾ, ಛೆ, ತಪ್ಪಿಸಿಕೊಂಡು ಹೋಗಲು ನಾನೇನು ಕದ್ದಿದ್ದೇನಾ, ಹತ್ತು, ಇನ್ನೊಂದು ತಿರುವು, ಹತ್ತು.

ಘಾಟಿ ಮುಗಿಯಿತು, ಮರಗಳು ಎಷ್ಟು ದಟ್ಟವೆಂದರೆ ಮಧ್ಯಾಹ್ನವೇ ಹೆಡ್‌ಲೈಟ್ ಬೇಕು, ಕೊಳೆತ ಎಲೆಯ ವಾಸನೆ, ಜೀರುಂಡೆಗಳ ಕೂಗು, ಹೆಂಚಿನ ಮಾಡು, ಮಂಜು, ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ಇದೆ ಸನಾವುಲ್ಲಾ, ನೋಡು, ಸುಳ್ಳಲ್ಲ, ಗೇಟಿನ ಪಕ್ಕ ಮುನಾವರ್, ಕೊಡೆ ಇಲ್ಲ, ಶರ್ಟು ಮೈಗೆ ಅಂಟಿದೆ, ಗಾಡಿ ನಿಲ್ಲಿಸಿದೆ, ಕೀ ತೆಗೆದೆ, ಕಿಟಕಿ ಹತ್ತಿರ ಬಂದು ಅಂಗೈ ಚಾಚಿದ, ಕೀ ಕೊಡಿ ಭಾಬಿ, ಆಯ್ತಲ್ಲ ನಿಮ್ ಹಟ, ಆಗಲಿಲ್ಲ ಮುನಾವರ್, ಈಗ ಶುರು, ಶಿವಾಜಿನಗರದವರೆಗೂ ನಾನೇ ಓಡಿಸ್ತೀನಿ, ಮಟಮಟ ಮಧ್ಯಾಹ್ನ, ನಮ್ಮ ಬೀದಿಯ ಮಧ್ಯದಲ್ಲೇ ಇಳೀತೀನಿ, ಜನ ಏನಂತಾರೆ ಭಾಬಿ, ಅಮ್ಮಿ, ನೀವಾದ್ರೂ ಹೇಳಿ, ಅಮ್ಮಿ ತಸ್ಬಿಯಿಂದ ಕಣ್ಣೆತ್ತಲಿಲ್ಲ, ಹಿಂದಿನ ಸೀಟು ಖಾಲಿ ಇದೆ ಬೇಟಾ, ಹತ್ತು, ನೆನೀತಿದ್ದೀಯ. ಅವನು ಹತ್ತುತ್ತಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆಯುತ್ತಿಲ್ಲ, ಕೀ ನನ್ನ ಮುಷ್ಟಿಯಲ್ಲಿ ಚುಚ್ಚುತ್ತಿದೆ, ಚುಚ್ಚಲಿ, ಅಣ್ಣನದೇ ಸೊಟ್ಟ ಕಿರುಬೆರಳು ಇವನಿಗೂ, ಇಷ್ಟು ದಿನ ಕಂಡಿರಲಿಲ್ಲ, ಅದೇ ಅಂಗೈ, ಮಳೆ ಅದರೊಳಗೆ ಬೀಳುತ್ತಿದೆ, ಒಂದೇ ಗುಟುಕು ಬುಷ್ರಾ, ಈಗ ನಾಲ್ಕು ಗುಟುಕಾದರೂ ಇದೆ, ಅಳೆಯುವವರಿಲ್ಲ, ಬಚ್ಚಿಡುವವರಿಲ್ಲ, ಅಂಗೈ ತುಂಬುತ್ತಿದೆ, ಬೆರಳ ಸಂದಿಯಿಂದ ಸುರಿಯುತ್ತಿದೆ, ಮತ್ತೆ ತುಂಬುತ್ತಿದೆ, ಅಂಗೈ, ನೀರು, ಅಂಗೈ